ಲಿನಕ್ಸ್‌ನಲ್ಲಿ ಗೇಮ್: ಪೋರ್ಟ್ ಬೇಕಾ, ಪ್ರೋಟಾನ್ ಸಾಕಾ?

ಲಿನಕ್ಸ್‌ಗೆ ಗೇಮ್‌ಗಳೇ ಇಲ್ಲ ಅನ್ನುವ ಮಾತು ಹಳತಾಯಿತು. ಈಗಿನ ಪ್ರಶ್ನೆ ಬೇರೆ. ಡೆವಲಪರ್ ಲಿನಕ್ಸ್‌ಗೆಂದೇ ಗೇಮನ್ನು ಬೇರೆಯಾಗಿ ಕಟ್ಟಿ, ಅಂದರೆ ಪೋರ್ಟ್ ಮಾಡಿ ಕೊಡಬೇಕಾ? ಅಥವಾ ವಿಂಡೋಸ್ ಗೇಮೇ ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವಾಲ್ವ್ ಕಂಪನಿಯ ಸಾಫ್ಟ್‌ವೇರ್) ಮೇಲೆ ಚೆನ್ನಾಗಿ ಓಡುವಂತೆ ನೋಡಿಕೊಂಡರೆ ಸಾಕಾ? ಹೆಚ್ಚಿನ ಗೇಮ್‌ಗಳ ಮಟ್ಟಿಗೆ ಎರಡನೆಯದೇ ಸರಿ ಅಂತ ನನ್ನ ಲೆಕ್ಕ. ಯಾಕೆ ಅಂತ ಈ ಟಿಪ್ಪಣಿಯಲ್ಲಿ ನೋಡೋಣ.

ಹಿನ್ನೆಲೆ, ಬೇಗಬೇಗ

1998ರಲ್ಲಿ ಲೋಕಿ ಸಾಫ್ಟ್‌ವೇರ್ ಅನ್ನುವ ಕಂಪನಿ ಶುರುವಾಯಿತು. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ಗೆ ಪೋರ್ಟ್ ಮಾಡಿ ಮಾರುವುದೇ ಅದರ ಕೆಲಸ. 2002ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲ್ಯಾಂಟಿಂಗಾ ಬರೆದ, ಗೇಮ್‌ನ ಪರದೆ, ಧ್ವನಿ, ಕಂಟ್ರೋಲರ್ ನೋಡಿಕೊಳ್ಳುವ ಎಸ್‌ಡಿಎಲ್ ಲೈಬ್ರರಿ ಮಾತ್ರ ಇವತ್ತಿಗೂ ಗೇಮ್‌ಗಳಲ್ಲಿ ಬಳಕೆಯಲ್ಲಿದೆ. ವಾಲ್ವ್ ಕಂಪನಿ 2013ರ ಫೆಬ್ರವರಿಯಲ್ಲಿ ತನ್ನ ಗೇಮ್ ಅಂಗಡಿ ಸ್ಟೀಮ್ ಅನ್ನು ಲಿನಕ್ಸ್‌ಗೆ ತಂದಿತು, 2015ರಲ್ಲಿ ಲಿನಕ್ಸ್ ಇರುವ ಗೇಮ್ ಪಿಸಿಗಳಾದ ಸ್ಟೀಮ್ ಮಷಿನ್‌ಗಳು ಬಂದವು. ಅವು ಹೆಚ್ಚು ಮಾರಾಟವಾಗಲಿಲ್ಲ. ಡಬ್ಬಿ ಇತ್ತು, ಅದರಲ್ಲಿ ಆಡಲು ಸಾಕಷ್ಟು ಗೇಮ್ ಇರಲಿಲ್ಲ. ಪೋರ್ಟ್ ಮಾಡಿ ಅಂತ ಎಲ್ಲ ಡೆವಲಪರ್‌ಗಳನ್ನೂ ಒಪ್ಪಿಸುವುದು ಆಗದ ಕೆಲಸ ಅಂತ ಅಲ್ಲಿಗೆ ಖಾತ್ರಿಯಾಯಿತು. 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಂತು. 2022ರಲ್ಲಿ ಬಂದ ಸ್ಟೀಮ್ ಡೆಕ್ (ವಾಲ್ವ್‌ನ ಕೈಯಲ್ಲಿ ಹಿಡಿದಾಡುವ ಗೇಮ್ ಪಿಸಿ) ನಿಂತಿರುವುದೂ ಇದರ ಮೇಲೆಯೇ.

ಪ್ರೋಟಾನ್ ಒಳಗೆ ಏನಿದೆ?

ಅದರ ಬುನಾದಿ ವೈನ್. 1993ರಲ್ಲಿ ಶುರುವಾದ ಈ ಯೋಜನೆಯ 1.0 ಆವೃತ್ತಿ ಬರುವಷ್ಟರಲ್ಲಿ 2008 ಆಗಿತ್ತು! ವೈನ್ ಎಮ್ಯುಲೇಟರ್ ಅಲ್ಲ, ಅಂದರೆ ಇನ್ನೊಂದು ಯಂತ್ರವನ್ನೇ ನಟಿಸುವುದಿಲ್ಲ. ಮಾಮೂಲಿ ಪಿಸಿಯಲ್ಲಿ ವಿಂಡೋಸ್ ಇದ್ದರೂ ಲಿನಕ್ಸ್ ಇದ್ದರೂ ಪ್ರೊಸೆಸರ್ ಅದೇ ತಾನೇ? ಹಾಗಾಗಿ ಗೇಮ್‌ನ ಲೆಕ್ಕಾಚಾರವೆಲ್ಲ ಪ್ರೊಸೆಸರ್ ಮೇಲೆ ನೇರವಾಗಿ ಓಡುತ್ತದೆ. ಗೇಮ್ ವಿಂಡೋಸ್ ಹತ್ತಿರ ಏನಾದರೂ ಕೇಳಿದಾಗ ಮಾತ್ರ ವೈನ್ ಮುಂದೆ ಬಂದು, ತಾನೇ ವಿಂಡೋಸ್ ಅನ್ನುವ ಹಾಗೆ ಉತ್ತರ ಕೊಡುತ್ತದೆ.

ಫೈಲ್ ತೆರೆಯುವುದನ್ನೇ ತಗೊಳ್ಳಿ. ಡಿಸ್ಕ್‌ನಲ್ಲಿ ಫೋಲ್ಡರ್ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ, ಕೋಡ್‌ನಲ್ಲಿ ಯಾರೋ ಚಿಕ್ಕಕ್ಷರ ಬರೆದಿದ್ದಾರೆ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಆ ಹೆಸರಿನ ಫೈಲ್ ಸಿಗದಿದ್ದರೆ ವೈನ್ ಇಡೀ ಫೋಲ್ಡರ್ ಓದಿ, ದೊಡ್ಡಕ್ಷರ ಚಿಕ್ಕಕ್ಷರ ಲೆಕ್ಕಿಸದೆ ಹೋಲಿಸಿ ಹುಡುಕಿ ಕೊಡುತ್ತದೆ. ಅದೇ ಕೋಡನ್ನು ಸುಮ್ನೆ ಲಿನಕ್ಸ್‌ಗೆ ಪೋರ್ಟ್ ಮಾಡಿದರೆ? ಫೈಲ್ ಇಲ್ಲ ಅಂತ ಗೇಮ್ ನಿಂತುಬಿಡುತ್ತದೆ.

ಗ್ರಾಫಿಕ್ಸ್ ಕೆಲಸ ಇದಕ್ಕಿಂತ ಕಷ್ಟದ್ದು. ಚಿತ್ರ ಬಿಡಿಸಲು ವಿಂಡೋಸ್ ಗೇಮ್‌ಗಳು ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಡೈರೆಕ್ಟ್‌3ಡಿ ಬಳಸುತ್ತವೆ. ಲಿನಕ್ಸ್‌ನಲ್ಲಿ ಅದಿಲ್ಲ, ಅದೇ ಕೆಲಸಕ್ಕೆ ವಲ್ಕನ್ ಇದೆ. ಡಿಎಕ್ಸ್‌ವಿಕೆ ಅನ್ನುವ ಲೈಬ್ರರಿ ಡೈರೆಕ್ಟ್‌3ಡಿ 8ರಿಂದ 11ರವರೆಗಿನ ಕರೆಗಳನ್ನು ವಲ್ಕನ್‌ಗೆ ತಿರುಗಿಸುತ್ತದೆ. 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಇದೆ. ಶೇಡರ್‌ಗಳನ್ನೂ (ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಚಿಕ್ಕ ಪ್ರೋಗ್ರಾಂಗಳು) ಬೇರೆ ರೂಪಕ್ಕೆ ತಂದು, ಡ್ರೈವರ್ ಮತ್ತೊಮ್ಮೆ ಕಂಪೈಲ್ ಮಾಡಬೇಕು. ಹೊಸ ಜಾಗಕ್ಕೆ ಕಾಲಿಟ್ಟಾಗ ಗೇಮ್ ಒಂದು ಕ್ಷಣ ತಡವರಿಸುವುದು ಇದರಿಂದಲೇ. ಸ್ಟೀಮ್ ಗೇಮ್ ಶುರು ಮಾಡುವ ಮೊದಲೇ ಶೇಡರ್‌ಗಳನ್ನು ಸಿದ್ಧ ಮಾಡಿಕೊಳ್ಳುತ್ತದಲ್ಲ, ಅದು ಈ ತಡವರಿಕೆ ತಪ್ಪಿಸಲು. ಬೇಜಾರಾಗಿ ಅದನ್ನು ಸ್ಕಿಪ್ ಮಾಡಿದರೆ ಆಟದ ಮಧ್ಯೆ ಅನುಭವಿಸಬೇಕಾಗುತ್ತದೆ.

ಇನ್ನೊಂದು ತೊಡಕು ಥ್ರೆಡ್‌ಗಳದ್ದು, ಅಂದರೆ ಗೇಮ್ ಒಳಗೆ ಒಟ್ಟೊಟ್ಟಿಗೆ ನಡೆಯುವ ಕೆಲಸಗಳದ್ದು. ಒಂದು ಥ್ರೆಡ್ ಹಲವು ಘಟನೆಗಳಿಗೆ ಒಟ್ಟಿಗೆ ಕಾಯುವ ವ್ಯವಸ್ಥೆ ವಿಂಡೋಸ್‌ನಲ್ಲಿದೆ. ವೈನ್‌ನಲ್ಲಿ ಪ್ರತಿ ಸಲವೂ ಇದಕ್ಕಾಗಿ ಬೇರೊಂದು ಪ್ರೋಸೆಸ್ ಹತ್ತಿರ ಹೋಗಿ ಕೇಳಬೇಕಿತ್ತು, ಅಲ್ಲೇ ವೇಗ ಕಡಿಮೆಯಾಗುತ್ತಿತ್ತು. ಇದಕ್ಕೆಂದು ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಬದಲಾಯಿತು: 2022ರ 5.16 ಆವೃತ್ತಿಯಲ್ಲಿ ಹಲವು ಫ್ಯೂಟೆಕ್ಸ್‌ಗಳಿಗೆ (ಥ್ರೆಡ್‌ಗಳು ಕಾಯಲು ಬಳಸುವ ಬೀಗಗಳು) ಒಟ್ಟಿಗೆ ಕಾಯುವ ಹೊಸ ಕರೆ ಬಂತು, 2025ರ 6.14ರಲ್ಲಿ ವಿಂಡೋಸ್ ರೀತಿಯ ಕಾಯುವಿಕೆಯನ್ನು ಕರ್ನಲ್ ಒಳಗೇ ನೋಡಿಕೊಳ್ಳುವ ಎನ್‌ಟಿಸಿಂಕ್ ಡ್ರೈವರ್ ಬಳಕೆಗೆ ಸಿಕ್ಕಿತು. ವಿಂಡೋಸ್ ಗೇಮ್ ಓಡಿಸಲು ಲಿನಕ್ಸ್ ಕರ್ನಲ್‌ನಲ್ಲಿ ಒಂದು ಡ್ರೈವರ್! ಇಪ್ಪತ್ತು ವರ್ಷದ ಹಿಂದೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಕಥೆಯ ಮಧ್ಯದ ವಿಡಿಯೋ ಬರಬೇಕಾದಲ್ಲಿ ಬಣ್ಣದ ಪಟ್ಟಿಗಳು ಕಾಣಿಸಿದರೆ ಗಾಬರಿಯಾಗಬೇಡಿ. ಕೆಲವು ವಿಡಿಯೋ ಕೋಡೆಕ್‌ಗಳಿಗೆ (ವಿಡಿಯೋ ಬಿಚ್ಚಿ ತೋರಿಸುವ ಕೋಡ್) ಪೇಟೆಂಟ್ ಇರುವುದರಿಂದ ಪ್ರೋಟಾನ್ ಅವುಗಳನ್ನು ಜೊತೆಯಲ್ಲಿ ಕೊಡುವುದಿಲ್ಲ. ಬೇರೆ ರೂಪಕ್ಕೆ ಬದಲಿಸಿದ ವಿಡಿಯೋ ಸಿಗದಿದ್ದಾಗ ಆ ಪಟ್ಟಿ ತೋರಿಸುತ್ತದೆ.

ಹಾಗಾದರೆ ನೇಟಿವ್ (ಲಿನಕ್ಸ್‌ಗೆಂದೇ ಕಟ್ಟಿದ) ಪೋರ್ಟ್‌ಗೆ ಏನು ತೊಂದರೆ?

ಮಾಡುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಹೊಸ ಡಿಸ್ಟ್ರೋದಲ್ಲಿ (ಉಬುಂಟು ತರಹದ ಲಿನಕ್ಸ್ ಆವೃತ್ತಿ) ಕಂಪೈಲ್ ಮಾಡಿದ ಗೇಮ್ ಹಳೆಯ ಡಿಸ್ಟ್ರೋದಲ್ಲಿ ಶುರುವೇ ಆಗದೆ ಇರಬಹುದು, ಅಲ್ಲಿನ ಜಿಲಿಬ್‌ಸಿ (ಎಲ್ಲ ಪ್ರೋಗ್ರಾಂಗಳೂ ನೆಚ್ಚುವ ಮೂಲ ಲೈಬ್ರರಿ) ಹಳೆಯದು ಅಂತ. ಅದಕ್ಕೇ ವಾಲ್ವ್ ಸ್ಟೀಮ್ ರನ್‌ಟೈಮ್ ಕೊಡುತ್ತದೆ. ಅದು ಲೈಬ್ರರಿಗಳ ಒಂದು ಸ್ಥಿರ ಗುಂಪು, ಅದರೊಳಗೆ ಕಟ್ಟಿದರೆ ಡಿಸ್ಟ್ರೋ ಯಾವುದಾದರೂ ಚಿಂತೆ ಕಡಿಮೆ. ಇಷ್ಟಾದರೂ ಬಿಡುಗಡೆಯಾದ ಮೇಲೆ ಯಾರೂ ಕೈಹಾಕದ ಪೋರ್ಟ್‌ಗಳು ಕೆಲವು ವರ್ಷದಲ್ಲಿ ಹಿಂದೆ ಬೀಳುತ್ತವೆ. ರಾಕೆಟ್ ಲೀಗ್ ಗೇಮ್‌ನ ಲಿನಕ್ಸ್ ಆವೃತ್ತಿಗೆ 2020ರಲ್ಲಿ ಬೆಂಬಲ ನಿಂತಿತು. ವಿಂಡೋಸ್ ಆವೃತ್ತಿ ಪ್ರೋಟಾನ್ ಮೇಲೆ ಓಡುತ್ತಿತ್ತು. ಲಿನಕ್ಸ್‌ನಲ್ಲಿ ಬದಲಾಗದೆ ನಿಂತಿರುವುದು ವಿಂಡೋಸ್‌ನ ಎಬಿಐ (ಪ್ರೋಗ್ರಾಂ ಮತ್ತು ಸಿಸ್ಟಂ ಮಾತಾಡಿಕೊಳ್ಳುವ ಒಪ್ಪಂದ) ಒಂದೇ ಅನ್ನುವ ತಮಾಷೆ ಸುಮ್ನೆ ಹುಟ್ಟಿದ್ದಲ್ಲ.

ಬಗ್ ರಿಪೋರ್ಟ್‌ಗಳ ಹೊರೆಯ ಬಗ್ಗೆಯೂ ಒಂದು ವಾದವಿದೆ. ಪ್ಲಾನೆಟರಿ ಆನಿಹಿಲೇಷನ್ ಗೇಮ್‌ನ ತಂಡದಲ್ಲಿದ್ದ ಒಬ್ಬರು 2019ರಲ್ಲಿ ಹೇಳಿದ್ದು: ಮಾರಾಟದಲ್ಲಿ ಲಿನಕ್ಸ್ ಪಾಲು ಶೇ. 0.1ಕ್ಕಿಂತ ಕಡಿಮೆ, ಕ್ರ್ಯಾಶ್ ಮತ್ತು ದೂರುಗಳಲ್ಲಿ ಶೇ. 20ಕ್ಕಿಂತ ಜಾಸ್ತಿ. ಇದನ್ನಷ್ಟೇ ಓದಿದರೆ ಲಿನಕ್ಸ್ ಸಹವಾಸವೇ ಬೇಡ ಅನ್ನಿಸುತ್ತದೆ. ಆದರೆ ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಗೇಮ್‌ನ ಡೆವಲಪರ್ 2021ರಲ್ಲಿ ಕೊಟ್ಟ ಲೆಕ್ಕವನ್ನೂ ಜೊತೆಗೆ ಓದಿ. ಕೊಂಡವರಲ್ಲಿ ಲಿನಕ್ಸ್‌ನವರು ಶೇ. 5.8, ಬಗ್ ರಿಪೋರ್ಟ್‌ಗಳಲ್ಲಿ ಅವರ ಪಾಲು ಶೇ. 38. ಅವರ ಸುಮಾರು 400 ರಿಪೋರ್ಟ್‌ಗಳಲ್ಲಿ ಲಿನಕ್ಸ್‌ಗೆ ಮಾತ್ರ ಸಂಬಂಧಿಸಿದವು ಬರೀ 3! ಉಳಿದವು ಎಲ್ಲರಿಗೂ ಬರುತ್ತಿದ್ದ ಬಗ್‌ಗಳು. ಲಿನಕ್ಸ್ ಬಳಸುವವರು ಲಾಗ್ ಸಮೇತ ಬರೆದು ತಿಳಿಸಿದರು, ಅಷ್ಟೇ. ಪುಕ್ಕಟೆ ಟೆಸ್ಟರ್‌ಗಳು ಸಿಕ್ಕ ಹಾಗಾಯಿತಲ್ವಾ? ಗೊಡೋ ತರಹದ ಎಂಜಿನ್‌ನಲ್ಲಿ ಮಾಡಿದ, ಡೆವಲಪರ್ ಇನ್ನೂ ತಿದ್ದುತ್ತಲೇ ಇರುವ ಇಂಥ ಚಿಕ್ಕ ಗೇಮ್‌ಗೆ ನೇಟಿವ್ ಪೋರ್ಟ್ ಖಂಡಿತ ಒಳ್ಳೆಯದು.

ಉಳಿದವರು ಪೋರ್ಟ್ ಮಾಡದಿದ್ದರೂ ಟೆಸ್ಟ್ ಮಾಡಲೇಬೇಕು. ಸ್ಟೀಮ್ ಡೆಕ್‌ನಲ್ಲಿ ಪೂರ್ತಿ ಒಪ್ಪಿಗೆ ಸಿಗಲು ಕಂಟ್ರೋಲರ್‌ನಲ್ಲೇ ಇಡೀ ಗೇಮ್ ಆಡುವಂತಿರಬೇಕು. 1280×800 ಪರದೆಯಲ್ಲಿ ಅಕ್ಷರದ ಎತ್ತರ 9 ಪಿಕ್ಸೆಲ್‌ಗಿಂತ ಕಡಿಮೆ ಇರಬಾರದು. ಗೇಮ್‌ಗಿಂತ ಮೊದಲು ತೆರೆಯುವ ಲಾಂಚರ್‌ಗಳೇ ಎಷ್ಟೋ ಸಲ ಕಾಟ ಕೊಡುತ್ತವೆ. ಅವು ಇಲ್ಲದಿದ್ದರೆ ವಿಂಡೋಸ್‌ನವರಿಗೂ ನೆಮ್ಮದಿ.

ಆಂಟಿ-ಚೀಟ್ ಮಾತ್ರ ಬೇರೆ ಕಥೆ

ಆನ್‌ಲೈನ್ ಗೇಮ್‌ನಲ್ಲಿ ಮೋಸ ತಡೆಯುವ ಆಂಟಿ-ಚೀಟ್‌ಗಳಲ್ಲಿ ಕೆಲವು ವಿಂಡೋಸ್ ಕರ್ನಲ್ ಒಳಗೇ ಕೂರುತ್ತವೆ. ವೈನ್‌ನಲ್ಲಿ ವಿಂಡೋಸ್ ಕರ್ನಲ್ ಇಲ್ಲವೇ ಇಲ್ಲ, ಹಾಗಾಗಿ ವ್ಯಾಲರಂಟ್ ಅಂಥ ಗೇಮ್‌ಗೆ ದಾರಿ ಮುಚ್ಚಿದೆ. ಆದರೆ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಲ್ಲೇ ಪ್ರೋಟಾನ್‌ಗೆ ಬೆಂಬಲ ಘೋಷಿಸಿದವು. ಅದನ್ನು ಆನ್ ಮಾಡುವುದು, ಬಿಡುವುದು ಡೆವಲಪರ್ ಕೈಯಲ್ಲಿದೆ. ಈಸಿ ಆಂಟಿ-ಚೀಟ್ ಎಪಿಕ್‌ನದ್ದೇ, ಆದರೂ ಎಪಿಕ್ ತನ್ನ ಫೋರ್ಟ್‌ನೈಟ್‌ಗೆ ಆನ್ ಮಾಡಲಿಲ್ಲ. ಏಪೆಕ್ಸ್ ಲೆಜೆಂಡ್ಸ್ ಆನ್ ಮಾಡಿತ್ತು, ಚೀಟ್ ಮಾಡುವವರು ಜಾಸ್ತಿ ಅಂತ 2024ರಲ್ಲಿ ತೆಗೆದುಹಾಕಿತು. ಲಿನಕ್ಸ್‌ನಲ್ಲಿ ಕರ್ನಲ್ಲೂ ಬಳಕೆದಾರನ ಕೈಯಲ್ಲೇ ಇರುತ್ತದೆ, ಆದ್ದರಿಂದ ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ಆನ್‌ಲೈನ್ ಗೇಮ್ ಕೊಳ್ಳುವ ಮುಂಚೆ ಪ್ರೋಟಾನ್‌ಡಿಬಿಯಲ್ಲಿ (ಯಾವ ಗೇಮ್ ಹೇಗೆ ಓಡುತ್ತದೆ ಅಂತ ಆಡುವವರೇ ಬರೆಯುವ ತಾಣ) ಆ ಗೇಮ್‌ನ ಹೊಸ ವರದಿಗಳನ್ನು ನೋಡಿಕೊಳ್ಳಿ. ಅಲ್ಲಿನ ಹಳೆಯ ‘ಗೋಲ್ಡ್’ ರೇಟಿಂಗ್ ನಂಬಬೇಡಿ, ಆಂಟಿ-ಚೀಟ್ ಒಂದು ಅಪ್‌ಡೇಟ್‌ನಲ್ಲಿ ಬದಲಾಗಬಹುದು.