ಗಣಕದೊಳಗಿನ ಫುಟ್‌ಬಾಲ್ ಲೀಗಿನಲ್ಲಿ ಒಂದು ವಾರ

ಅಮೆರಿಕನ್ ಫುಟ್‌ಬಾಲಿನ ಕಾಲ್ಪನಿಕ ಲೀಗೊಂದರಲ್ಲಿ ವಾರದ ಹದಿನಾರು ಪಂದ್ಯಗಳು ಮುಗಿಯಲು ಕೆಲವು ನಿಮಿಷ ಸಾಕು. ಯಾರನ್ನು ಕಣಕ್ಕಿಳಿಸಬೇಕು, ಎಷ್ಟು ಸಲ ಚೆಂಡನ್ನು ಹಿಡಿದು ಓಡಬೇಕು, ಎಷ್ಟು ಸಲ ಎಸೆಯಬೇಕು ಎಂಬ ಸೂಚನೆಗಳನ್ನು ತಂಡಗಳ ‘ಮಾಲೀಕರು’ ಗಡುವಿನೊಳಗೆ ಕಳುಹಿಸಿರುತ್ತಾರೆ. ಲೀಗಿನ ಕಮಿಷನರ್ ಒಂದು ಗುಂಡಿ ಒತ್ತಿದರೆ ತಂತ್ರಾಂಶವು ಒಂದೊಂದೇ ಪಂದ್ಯವನ್ನು ಲೆಕ್ಕ ಹಾಕಿ ಅಂಕಪಟ್ಟಿಯನ್ನು ಹೊರಹಾಕುತ್ತದೆ. ನಿಜವಾದ ಚೆಂಡಾಗಲಿ ಮೈದಾನವಾಗಲಿ ಇಲ್ಲದಿದ್ದರೂ ಸೋತವರ ಸಂಕಟ ಮಾತ್ರ ನಿಜವಾದದ್ದೇ. ಬಲಿಷ್ಠ ತಂಡ ದುರ್ಬಲ ತಂಡಕ್ಕೆ ಸೋತ ವಾರ, ತಂತ್ರಾಂಶದಲ್ಲೇ ಏನೋ ದೋಷವಿದೆ ಎಂಬ ದೂರು ತಪ್ಪದೆ ಬರುತ್ತದೆ. ಅಂಥ ದೂರು ಒಂದೂ ಬಾರದ ವಾರವನ್ನೇ ಹೆಚ್ಚು ಅನುಮಾನಿಸಬೇಕು ಎನ್ನುವುದಕ್ಕೆ ಗಣಿತದಲ್ಲಿ ಒಳ್ಳೆಯ ಆಧಾರವಿದೆ.

ನಮ್ಮ ಶಾಲೆಗಳ ಹಿಂದಿನ ಬೆಂಚಿನಲ್ಲಿ ನಡೆಯುತ್ತಿದ್ದ ಬುಕ್ ಕ್ರಿಕೆಟ್ ಕೂಡ ಇದೇ ಜಾತಿಯದು. ಪುಸ್ತಕವನ್ನು ಫಕ್ಕನೆ ತೆರೆದು ಎಡಪುಟದ ಸಂಖ್ಯೆಯ ಕೊನೆಯ ಅಂಕಿ ನೋಡುವುದು, ಸೊನ್ನೆ ಬಂದರೆ ಔಟ್. ಎಡಪುಟದ ಸಂಖ್ಯೆ ಯಾವಾಗಲೂ ಸಮಸಂಖ್ಯೆಯಾದ್ದರಿಂದ ಅಲ್ಲಿರುವುದು ಐದೇ ಸಾಧ್ಯತೆಗಳು, ಐದಕ್ಕೂ ಹೆಚ್ಚುಕಡಿಮೆ ಸಮಾನ ಅವಕಾಶ. ಹಾಗಾಗಿ ಸರಾಸರಿ ಐದು ಎಸೆತಕ್ಕೊಂದು ವಿಕೆಟ್ ಬೀಳುತ್ತದೆ, ಅಷ್ಟೇ ಸಲೀಸಾಗಿ ಸಿಕ್ಸರ್ ಕೂಡ ಬರುತ್ತದೆ. ದ್ರಾವಿಡ್ ಹೆಸರಿನಲ್ಲಿ ಪುಟ ತೆರೆದರೂ ಹನ್ನೊಂದನೆಯ ಬ್ಯಾಟರ್ ಹೆಸರಿನಲ್ಲಿ ತೆರೆದರೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ. ಪ್ರತಿ ಆಟಗಾರನ ಸಾಮರ್ಥ್ಯಕ್ಕೆ ತಕ್ಕಂತೆ ಸಾಧ್ಯತೆಗಳಿಗೆ ತೂಕ ಕೊಡುವ ಕೆಲಸವನ್ನು ಅಮೆರಿಕದಲ್ಲಿ ಮೊದಲು ಮಾಡಿದ್ದು ಕಾರ್ಡು ಮತ್ತು ದಾಳದ ಆಟಗಳು. ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಕಂಪನಿ 1961ರಲ್ಲಿ ಬೇಸ್‌ಬಾಲಿಗೂ 1968ರಲ್ಲಿ ಫುಟ್‌ಬಾಲಿಗೂ ಅಂಥ ಆಟಗಳನ್ನು ತಂದಿತು. ಈಗ ದಾಳದ ಜಾಗದಲ್ಲಿ ಗಣಕ ಕುಳಿತಿದೆ.

ಈ ಆಟದ ನಿಯಮ ತಿಳಿಯದವರಿಗೆ ಇಷ್ಟು ಸಾಕು: 100 ಯಾರ್ಡ್ ಉದ್ದದ ಮೈದಾನದಲ್ಲಿ ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ, ಅವುಗಳಿಗೆ ಡೌನ್ ಎಂದು ಹೆಸರು. ಎದುರಾಳಿಯ ತುದಿಯ ಗೆರೆಯಾಚೆಗೆ ಚೆಂಡನ್ನು ಒಯ್ಯುವ ಟಚ್‌ಡೌನಿಗೆ ಆರು ಅಂಕ, ಅದರ ಬೆನ್ನಿಗೇ ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಿದರೆ ಇನ್ನೊಂದು. ಟಚ್‌ಡೌನ್ ಇಲ್ಲದೆಯೇ ಚೆಂಡನ್ನು ಒದ್ದು ಆ ಕಂಬಗಳ ನಡುವೆ ದಾಟಿಸುವ ಫೀಲ್ಡ್ ಗೋಲಿಗೆ ಮೂರು.

ಒಂದು ತಂಡ ತನ್ನದೇ 35ನೆಯ ಯಾರ್ಡ್ ಗೆರೆಯಲ್ಲಿ ಮೂರನೆಯ ಡೌನಿನಲ್ಲಿದ್ದು, ಇನ್ನೂ ನಾಲ್ಕು ಯಾರ್ಡ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಸೂಚನೆಯಂತೆ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಎಸೆಯುವ ಆಟಗಾರ, ಹತ್ತಿರದ ಪಾಸ್ ಎಸೆಯಬೇಕು. ಅವನ ಗುರಿ, ಹಿಡಿಯುವವನ ವೇಗ, ಎದುರಾಳಿ ರಕ್ಷಣೆಯ ಬಲ ಇವನ್ನೆಲ್ಲ ಕೂಡಿ ಕಳೆದು, ಪಾಸ್ ಸಫಲವಾಗುವ ಸಂಭವನೀಯತೆ 0.62, ನೆಲಕ್ಕೆ ಬೀಳುವುದು 0.30, ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಸಿಕ್ಕಿಬೀಳುವುದು 0.06, ಚೆಂಡು ಎದುರಾಳಿಯ ಕೈ ಸೇರುವುದು 0.02 ಎಂದು ತಂತ್ರಾಂಶ ನಿಗದಿ ಮಾಡಿತೆನ್ನಿ. ಬಳಿಕ ಅದು ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಎತ್ತುತ್ತದೆ: 0.5837. ಅದು 0.62ರ ಒಳಗಿರುವುದರಿಂದ ಪಾಸ್ ಸಫಲ. ಎಷ್ಟು ಯಾರ್ಡ್ ಸಿಕ್ಕಿತು ಎಂಬುದಕ್ಕೆ ಇನ್ನೊಂದು ಸಂಖ್ಯೆ, ಸಿಕ್ಕಿದ್ದು ಮೂರು. ಒಂದು ಯಾರ್ಡಿನ ಕೊರತೆಯಿಂದ ನಾಲ್ಕನೆಯ ಡೌನ್ ಎದುರಾಗುತ್ತದೆ, ಮಾಲೀಕರು ಮೊದಲೇ ಬರೆದಿಟ್ಟ ಸೂಚನೆಯಂತೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡಲಾಗುತ್ತದೆ. ಇಂಥ ನೂರಕ್ಕೂ ಹೆಚ್ಚು ನಡೆಗಳು ಸೇರಿ ಒಂದು ಪಂದ್ಯ.

ಈ ಸಂಖ್ಯೆಗಳು ಆಕಾಶದಿಂದ ಉದುರಿದವಲ್ಲ, ಒಂದು ಸೂತ್ರ ಹೆಣೆದ ಸರಣಿಯವು. ಹೆಚ್ಚು ಬಳಕೆಯಲ್ಲಿರುವ ಸೂತ್ರಗಳಲ್ಲೊಂದಾದ ಮರ್ಸೆನ್ ಟ್ವಿಸ್ಟರನ್ನು ಜಪಾನಿನ ಮಕೋಟೊ ಮಾತ್ಸುಮೊಟೊ ಮತ್ತು ತಕುಜಿ ನಿಶಿಮುರ 1997ರಲ್ಲಿ ರೂಪಿಸಿದರು. ‘ಸೀಡ್’ ಎಂಬ ಆರಂಭದ ಸಂಖ್ಯೆ ಒಂದೇ ಆಗಿದ್ದರೆ ಇಡೀ ವಾರದ ಹದಿನಾರೂ ಪಂದ್ಯಗಳು ಯಾರ್ಡು ಯಾರ್ಡಿಗೂ ಅಕ್ಷರಶಃ ಮರುಕಳಿಸುತ್ತವೆ. ಸೀಡ್ ಬದಲಾದರೆ ಅದೇ ತಂಡಗಳು, ಅದೇ ಸೂಚನೆಗಳು, ಬೇರೆಯೇ ವಾರ.

ತೂಕಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರವಿರುವುದು ನೈಜ ಪಂದ್ಯಗಳ ದಾಖಲೆಯಲ್ಲಿ. ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರು ಸ್ವತಃ ಕ್ವಾರ್ಟರ್‌ಬ್ಯಾಕ್ ಆಗಿದ್ದ ವರ್ಜಿಲ್ ಕಾರ್ಟರ್ ಎಂಬುದು ನನಗೆ ಈ ಇತಿಹಾಸದ ಅತ್ಯಂತ ಸೊಗಸಾದ ಭಾಗ. 1969ರ ಋತುವಿನ 56 ಪಂದ್ಯಗಳ ನಡೆಗಳನ್ನು ಗಣಕಕ್ಕೆ ಉಣಿಸಿ, ಅವರು ರಾಬರ್ಟ್ ಮಾಕೋಲ್ ಜೊತೆಗೂಡಿ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರ ಪ್ರಕಾರ ಮೊದಲ ಡೌನಿನಲ್ಲಿ ಚೆಂಡು ಎದುರಾಳಿಯ ಗೆರೆಯ ಸಮೀಪವಿದ್ದರೆ ಅದರ ಬೆಲೆ ಸುಮಾರು ಆರು ಅಂಕ. ತನ್ನದೇ ಗೆರೆಗೆ ಅಂಟಿಕೊಂಡಿದ್ದರೆ ಬೆಲೆ ಸೊನ್ನೆಗಿಂತಲೂ ಕೆಳಗೆ, ಅಂದರೆ ಮುಂದಿನ ಅಂಕ ಎದುರಾಳಿಗೇ ಸಿಗುವ ಸಂಭವ ಹೆಚ್ಚು. ಚೆಂಡು ಕೈಯಲ್ಲಿದ್ದೂ ನಷ್ಟದಲ್ಲಿರಬಹುದು ಎಂಬ ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶ ನಾಲ್ಕನೆಯ ಡೌನಿನ ನಿರ್ಧಾರಗಳಲ್ಲಿ ಎಡವುತ್ತದೆ.

ತಂತ್ರಾಂಶ ಚೆನ್ನಾಗಿದೆಯೇ ಎಂದು ಪರೀಕ್ಷಿಸಲು ಗೆಲುವಿನ ಅಂತರಗಳನ್ನು ನೋಡುವುದು ಒಳ್ಳೆಯ ಉಪಾಯ. ಅಮೆರಿಕದ ನೈಜ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಅತಿ ಹೆಚ್ಚು ಪಂದ್ಯಗಳು ಮುಗಿಯುವುದು ಮೂರು ಅಂಕಗಳ ಅಂತರದಲ್ಲಿ, ಏಳು ಕೂಡ ಪದೇ ಪದೇ ಕಾಣಿಸುವ ಅಂತರ. ನಾಲ್ಕು-ಐದರ ಸರದಿ ಅವುಗಳಷ್ಟಿಲ್ಲ. ನೇರವಾಗಿ ಅಂತಿಮ ಅಂಕಗಳನ್ನೇ ನಯವಾದ ಗಂಟೆಯಾಕಾರದ ವಕ್ರರೇಖೆಯಿಂದ ಎತ್ತುವ ಸೋಮಾರಿ ತಂತ್ರಾಂಶದಲ್ಲಿ ಮೂರರ ಮತ್ತು ಐದರ ಅಂತರಗಳು ಹೆಚ್ಚುಕಡಿಮೆ ಸಮಸಮವಾಗಿ ಬರುತ್ತವೆ. ನಡೆ ನಡೆಯನ್ನೂ ಆಡಿಸುವ ತಂತ್ರಾಂಶಕ್ಕೆ ಯಾರೂ ಹೇಳಿಕೊಡದಿದ್ದರೂ ಮೂರು ಮತ್ತು ಏಳರ ಗೋಪುರಗಳು ತಾವಾಗಿಯೇ ಏಳುತ್ತವೆ. ನಿಯಮ ಬದಲಾದಾಗ ತೂಕವೂ ಬದಲಾಗಬೇಕು: ಟಚ್‌ಡೌನಿನ ನಂತರದ ಒದೆತವನ್ನು 2015ರಲ್ಲಿ ಹಿಂದಕ್ಕೆ ಸರಿಸಿದ ಮೇಲೆ ಖಚಿತವೆಂಬಂತಿದ್ದ ಆ ಒಂದು ಅಂಕ ಆಗಾಗ ತಪ್ಪತೊಡಗಿತು.

ಇನ್ನು ಆ ದೂರಿನ ವಿಚಾರ. ಸಂಖ್ಯಾಶಾಸ್ತ್ರಜ್ಞ ಹಾಲ್ ಸ್ಟರ್ನ್ 1991ರಲ್ಲಿ ತೋರಿಸಿದಂತೆ, ಬಾಜಿಯ ಮಾರುಕಟ್ಟೆ ನಿರೀಕ್ಷಿಸಿದ ಅಂತರಕ್ಕೂ ನಿಜವಾಗಿ ಬಂದ ಅಂತರಕ್ಕೂ ನಡುವಿನ ವ್ಯತ್ಯಾಸದ ಪ್ರಮಾಣಿತ ವಿಚಲನೆ (ಫಲಿತಾಂಶಗಳು ನಿರೀಕ್ಷೆಯಿಂದ ಎಷ್ಟು ಚದುರುತ್ತವೆ ಎಂಬ ಅಳತೆ) ಸುಮಾರು 14 ಅಂಕ. ಅಂದರೆ ಏಳು ಅಂಕಗಳಷ್ಟು ಮೇಲಿರುವ ತಂಡ ಕೂಡ ಗೆಲ್ಲುವುದು ನೂರಕ್ಕೆ ಸುಮಾರು 69 ಸಲ, ಮೂರು ಅಂಕಗಳಷ್ಟು ಮೇಲಿದ್ದರೆ 59 ಸಲ. ವಾರದ ಹದಿನಾರು ಪಂದ್ಯಗಳಲ್ಲೂ ಬಲಿಷ್ಠ ತಂಡದ ಗೆಲುವಿನ ಸಂಭವನೀಯತೆ 0.65 ಎಂದು ಹಿಡಿದರೆ, ಸರಾಸರಿ ಐದಾರು ಪಂದ್ಯಗಳು ತಲೆಕೆಳಗಾಗಲೇಬೇಕು. ಹದಿನಾರನ್ನೂ ನಿರೀಕ್ಷಿತ ತಂಡಗಳೇ ಗೆಲ್ಲುವ ಸಾಧ್ಯತೆ ಸಾವಿರದಲ್ಲಿ ಒಂದು. ಅಚ್ಚರಿಗಳೇ ಇಲ್ಲದ ವಾರಗಳು ಸಾಲಾಗಿ ಬಂದರೆ ಆಗ ದೋಷ ಹುಡುಕುವುದು ನ್ಯಾಯ.

ಇದೇ ಕಾರಣಕ್ಕೆ, ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ 2015ರಲ್ಲಿ ನಡೆಯುವ ಮೊದಲು ಮ್ಯಾಡನ್ ಎಂಬ ವಿಡಿಯೊ ಗೇಮ್ ನಡೆಸಿದ ಸಿಮ್ಯುಲೇಶನ್ ನ್ಯೂ ಇಂಗ್ಲೆಂಡ್ ತಂಡ ಸಿಯಾಟಲ್ ತಂಡವನ್ನು 28-24ರಿಂದ ಸೋಲಿಸುತ್ತದೆ ಎಂದು ನುಡಿದು, ನಿಜವಾದ ಪಂದ್ಯವೂ ಅದೇ ಅಂಕಗಳಲ್ಲಿ ಮುಗಿದದ್ದನ್ನು ತಂತ್ರಾಂಶದ ಜಾಣ್ಮೆಗೆ ಸಾಕ್ಷಿಯೆನ್ನಲಾಗದು. ಪ್ರತಿ ವರ್ಷ ಒಂದು ಭವಿಷ್ಯ ನುಡಿಯುತ್ತಿದ್ದರೆ ಒಂದಲ್ಲ ಒಂದು ದಿನ ಹೀಗಾಗಬಹುದು.

ತಂಡಗಳ ಬಲಾಬಲ ತಿಳಿಯಲು ಒಂದು ವಾರ ಸಾಲದಿದ್ದರೂ ಇಡೀ ಋತು ಸಾಕಲ್ಲವೇ ಎಂದು ಕೇಳಬಹುದು. ಎನ್‌ಎಫ್‌ಎಲ್ ಮಾದರಿಯ 32 ತಂಡಗಳು ಬಲದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ತಲಾ 17 ಪಂದ್ಯ ಆಡಿದರೂ, ಬರಿಯ ಅದೃಷ್ಟದಿಂದಲೇ ಅಗ್ರಸ್ಥಾನದ ತಂಡ ಹನ್ನೆರಡು-ಹದಿಮೂರು ಗೆಲುವು ಗಳಿಸುತ್ತದೆ, ಕಡೆಯ ತಂಡಕ್ಕೆ ನಾಲ್ಕೈದು ದಕ್ಕುತ್ತವೆ. ಆದ್ದರಿಂದ ಅನುಭವಿ ಮಾಲೀಕರು ಫಲಿತಾಂಶದ ಕಡತ ತೆರೆದೊಡನೆ ಗೆಲುವು-ಸೋಲಿನ ಸಾಲನ್ನು ದಾಟಿ, ನಡೆಯೊಂದಕ್ಕೆ ಸರಾಸರಿ ಎಷ್ಟು ಯಾರ್ಡ್ ಸಿಕ್ಕಿತು ಎಂಬಲ್ಲಿಗೆ ಹೋಗುತ್ತಾರೆ. ಕೈಜಾರಿ ನೆಲಕ್ಕುರುಳಿದ ಚೆಂಡು ಯಾರ ಪಾಲಾಗುತ್ತದೆ ಎಂಬುದು ಬಹುಮಟ್ಟಿಗೆ ಅರ್ಧಕ್ಕರ್ಧ ಅದೃಷ್ಟ. ಅಂಥ ನಾಲ್ಕು ಚೆಂಡುಗಳನ್ನೂ ಬಾಚಿಕೊಂಡು ಗೆದ್ದ ತಂಡಕ್ಕೆ ದಕ್ಕಿದ್ದು ಹದಿನಾರರಲ್ಲಿ ಒಂದು ಪಾಲಿನ ಅದೃಷ್ಟ. ಯಾರ್ಡಿನ ಲೆಕ್ಕದಲ್ಲಿ ಆ ತಂಡ ಹಿಂದಿದ್ದರೆ, ಅದರ ಮಾಲೀಕರು ಗೆದ್ದ ವಾರವೇ ಸೂಚನೆಗಳನ್ನು ತಿದ್ದಲು ಕೂರುತ್ತಾರೆ.