ಆದಾಯ 14, ವ್ಯಯ 2

ಯುಗಾದಿ ದಿನ ಬೇವು ಬೆಲ್ಲ ತಿಂದಾದ ಮೇಲೆ ನಮ್ಮ ಮನೆಯಲ್ಲಿ ಪಂಚಾಂಗ ಹೊರಗೆ ಬರುತ್ತದೆ. ಒಂದೊಂದು ರಾಶಿಗೂ ಆದಾಯ ಇಷ್ಟು, ವ್ಯಯ ಇಷ್ಟು. 2, 5, 8, 11, 14, ಹೀಗೆ ಅಂಕಿಗಳು. ಎರಡು ಅಂದ್ರೆ ಎರಡು ರೂಪಾಯಾ, ಎರಡು ಲಕ್ಷವಾ ಅಂತ ಚಿಕ್ಕವನಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ. ಒಂದು ವರ್ಷ ಚಿಕ್ಕಪ್ಪನ ರಾಶಿಗೆ ಆದಾಯ 14, ವ್ಯಯ 2 ಬಂತು. ಆ ಧೈರ್ಯದ ಮೇಲೆ ಅವರು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಕೊಡುತ್ತೇವೆ ಅಂದ ಒಂದು ಕಂಪನಿಗೆ 5 ಲಕ್ಷ ಹಾಕಿದರು. ಆ ಕಥೆ ಕೊನೆಗೆ ಹೇಳುತ್ತೇನೆ.

ಆದಾಯದ ವಿಧಗಳು ಎಲ್ಲರಿಗೂ ಗೊತ್ತಿರುವುದೇ. ತೆರಿಗೆ ಕಾನೂನು ಅದನ್ನು ಐದು ಬುಟ್ಟಿಗೆ ಹಾಕುತ್ತದೆ: ಸಂಬಳ, ಮನೆ ಬಾಡಿಗೆ, ವ್ಯಾಪಾರ ಅಥವಾ ವೃತ್ತಿ, ಆಸ್ತಿ ಮಾರಿದ ಲಾಭ, ಆಮೇಲೆ ಬಡ್ಡಿ ಗಿಡ್ಡಿ ಎಲ್ಲ ಸೇರಿ 'ಇತರೆ'. ಬೇಸಾಯದ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಇಷ್ಟನ್ನು ಬಾಯಿಪಾಠ ಮಾಡಿದವರೂ ಒಂದು ಕಡೆ ಎಡವುತ್ತಾರೆ. ಕೈಗೆ ಬಂದ ದುಡ್ಡೆಲ್ಲ ಆದಾಯ ಅಂದುಕೊಳ್ಳುತ್ತಾರೆ.

ಅಲ್ಲ. ಜಾನ್ ಹಿಕ್ಸ್ ಅಂತ ಒಬ್ಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ, 1972ರಲ್ಲಿ ನೊಬೆಲ್ ಬಂತು. ಅವರು 1939ರಲ್ಲೇ ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದರು. ವಾರದ ಶುರುವಿನಲ್ಲಿ ನೀವು ಎಷ್ಟು ಅನುಕೂಲವಾಗಿದ್ದಿರೋ ವಾರದ ಕೊನೆಗೂ ಅಷ್ಟೇ ಅನುಕೂಲವಾಗಿರಬೇಕು. ಹಾಗೆ ಇದ್ದುಕೊಂಡೇ ಹೆಚ್ಚೆಂದರೆ ಎಷ್ಟು ಖರ್ಚು ಮಾಡಬಹುದೋ ಅದು ಆದಾಯ.

ತೋಟ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಯಿ ಮಾರಿದರೆ ಆದಾಯ. ತೆಂಗಿನ ಮರವನ್ನೇ ಕಡಿದು ಮಾರಿದರೆ? ದುಡ್ಡು ಬರುತ್ತದೆ, ಒಂದೇ ಸಲ ಜಾಸ್ತಿನೇ ಬರಬಹುದು, ಆದರೆ ಮುಂದಿನ ವರ್ಷ ಅಲ್ಲಿ ಕಾಯಿ ಬಿಡಲು ಏನಿದೆ? ಬಾವಿಯಲ್ಲೂ ಅಷ್ಟೇ. ರಾತ್ರಿ ಒರತೆಯಿಂದ ಎಷ್ಟು ನೀರು ಬಂತೋ ಅಷ್ಟನ್ನೇ ಬೆಳಿಗ್ಗೆ ಸೇದಿದರೆ ನೀರಿನ ಮಟ್ಟ ಇದ್ದಲ್ಲೇ ಇರುತ್ತದೆ. ಅದಕ್ಕಿಂತ ಒಂದು ಕೊಡ ಜಾಸ್ತಿ ಸೇದಿದರೆ ಅದು ಒರತೆಯ ನೀರಲ್ಲ, ಗಂಟು. ಹಸುವಿನ ಲೆಕ್ಕವೂ ಹೀಗೇ. ಹಾಲು ಡೇರಿಗೆ ಹಾಕಿ ದುಡ್ಡು ತರುತ್ತೇವೆ, ಆದರೆ ಹಸುವಿಗೂ ವಯಸ್ಸಾಗುತ್ತದೆ ಅಲ್ವಾ? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ನಮ್ಮ ಹಿರಿಯರು ಹಿಕ್ಸ್‌ಗಿಂತ ಎಷ್ಟೋ ಮುಂಚೆ ಹೇಳಿದ್ದರು, ಅವರಿಗೆ ಯಾರೂ ನೊಬೆಲ್ ಕೊಡಲಿಲ್ಲ.

ಒಬ್ಬ ಆಟೋ ಡ್ರೈವರ್ ಲೆಕ್ಕ ನೋಡಿ. ದಿನಕ್ಕೆ 1,800 ರೂಪಾಯಿ ದುಡಿದ ಅನ್ನಿ. ಗ್ಯಾಸಿಗೆ 500 ಹೋಯಿತು. ಉಳಿದ 1,300 ತನ್ನದು ಅಂದುಕೊಂಡು ಮನೆಗೆ ಹೋಗುತ್ತಾನೆ. ಆದರೆ ಆಟೋ ಸವೆಯುತ್ತಿದೆ. 2 ಲಕ್ಷ 80 ಸಾವಿರ ಕೊಟ್ಟು ತಂದ ಗಾಡಿ ಏಳು ವರ್ಷ ಬಾಳಿಕೆ ಬಂದರೆ ವರ್ಷಕ್ಕೆ 40,000, ವರ್ಷದಲ್ಲಿ 300 ದಿನ ಓಡಿಸಿದರೆ ದಿನಕ್ಕೆ 130 ರೂಪಾಯಿ ಚಿಲ್ಲರೆ. ಇದಕ್ಕೇ ಸವಕಳಿ ಅನ್ನುವುದು. ಈ 130 ಅವನ ಆದಾಯವಲ್ಲ, ಆಟೋ ಚೂರುಚೂರಾಗಿ ನೋಟಾಗುತ್ತಿದೆ ಅಷ್ಟೆ. ರಿಪೇರಿ ಲೆಕ್ಕ ಇನ್ನೂ ಹಿಡಿದಿಲ್ಲ.

ಬ್ಯಾಂಕಿನ ಠೇವಣಿಯಲ್ಲಿ ಸವಕಳಿ ಕಣ್ಣಿಗೇ ಕಾಣುವುದಿಲ್ಲ. ಒಂದು ಲಕ್ಷಕ್ಕೆ 7% ಬಡ್ಡಿ, 7,000 ಬಂತು. ಆ ವರ್ಷ ಬೆಲೆ 6% ಏರಿದ್ದರೆ ನಿಮ್ಮ ಒಂದು ಲಕ್ಷ ಮೊದಲಿನಷ್ಟೇ ಸಾಮಾನು ಕೊಳ್ಳಬೇಕಾದರೆ ಈಗ 1,06,000 ಆಗಿರಬೇಕು. ಹಾಗಾಗಿ ನಿಜವಾದ ಆದಾಯ 1,000 ಮಾತ್ರ. ತಮಾಷೆ ಏನು ಗೊತ್ತಾ, ತೆರಿಗೆ ಹಾಕುವುದು 7,000ದ ಮೇಲೆ!

ತೆರಿಗೆ ಅಂದ ಕೂಡಲೇ ನೆನಪಾಯಿತು. ನಮ್ಮ ದೇಶಕ್ಕೆ ಆದಾಯ ತೆರಿಗೆ ತಂದವನು ಜೇಮ್ಸ್ ವಿಲ್ಸನ್. 1857ರ ದಂಗೆಯಲ್ಲಿ ಬ್ರಿಟಿಷರ ಖಜಾನೆ ಬರಿದಾಗಿತ್ತು, ಅದನ್ನು ತುಂಬಿಸಲು ಬಂದವನು. 1860ರ ಜುಲೈ 24ಕ್ಕೆ ಕಾಯಿದೆ ಆಯಿತು. ವರ್ಷಕ್ಕೆ 200 ರೂಪಾಯಿಯೊಳಗೆ ಇದ್ದವರಿಗೆ ತೆರಿಗೆ ಇಲ್ಲ. ಆಗಸ್ಟ್‌ನಲ್ಲಿ ಕಲ್ಕತ್ತಾದಲ್ಲಿ ಭೇದಿಯಾಗಿ ವಿಲ್ಸನ್ ತೀರಿಕೊಂಡ, ತೆರಿಗೆಯೂ 1865ರಲ್ಲಿ ನಿಂತಿತು, ಆಮೇಲೆ ಬೇರೆ ಬೇರೆ ರೂಪದಲ್ಲಿ ಮತ್ತೆ ಬಂತು. ಅವತ್ತಿಂದಲೂ ಜುಲೈ ಅಂದ್ರೆ ತಲೆನೋವೇ.

ಇಡೀ ದೇಶದ ಆದಾಯ ಎಣಿಸುವುದು ಇನ್ನೊಂದು ಪಾಡು. ವಿ.ಕೆ.ಆರ್.ವಿ. ರಾವ್ 1931-32ರ ಭಾರತದ ಆದಾಯವನ್ನು ಲೆಕ್ಕ ಹಾಕಿದವರು, ಆಮೇಲೆ ಬಳ್ಳಾರಿಯ ಸಂಸದರೂ ಆದರು. ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ರೈತ ತನ್ನ ಊಟಕ್ಕೆ ಅಂತ ಬೆಳೆದ ಭತ್ತ ದೇಶದ ಆದಾಯಕ್ಕೆ ಸೇರುತ್ತದೆ. ಸ್ವಂತ ಮನೆಯಲ್ಲಿದ್ದರೆ, ಬಾಡಿಗೆ ಯಾರೂ ಕೊಡದಿದ್ದರೂ, ಒಂದು ಅಂದಾಜು ಬಾಡಿಗೆ ಸೇರುತ್ತದೆ. ಅದೇ ಮನೆಯಲ್ಲಿ ಅದೇ ಅಕ್ಕಿಯನ್ನು ಅಮ್ಮ ಬೇಯಿಸಿ ಬಡಿಸಿದ್ದು ಮಾತ್ರ ಸೇರುವುದಿಲ್ಲ! ಹೋಟೆಲಿನವರು ಬೇಯಿಸಿದರೆ ಸೇರುತ್ತದೆ.

ಈಗ ಚಿಕ್ಕಪ್ಪ. ತಿಂಗಳು ತಿಂಗಳೂ ತಪ್ಪದೆ 15,000 ಬರುತ್ತಿತ್ತು. ಚಿಕ್ಕಮ್ಮನಿಗೆ ಹೊಸ ಮಿಕ್ಸಿ ಬಂತು, ಮನೆಗೆ ಬಣ್ಣ ಆಯಿತು. ಹನ್ನೊಂದು ತಿಂಗಳಿಗೆ 1 ಲಕ್ಷ 65 ಸಾವಿರ. ಹನ್ನೆರಡನೇ ತಿಂಗಳು ಕಂಪನಿಯ ಬಾಗಿಲಿಗೆ ಬೀಗ. 1920ರಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಮಾಡಿದ್ದೂ ಇದೇ, 45 ದಿನಕ್ಕೆ ಅರ್ಧದಷ್ಟು ಲಾಭ ಅಂತ ಆಸೆ ಹುಟ್ಟಿಸಿ ಒಬ್ಬರ ಅಸಲನ್ನು ಇನ್ನೊಬ್ಬರಿಗೆ ಲಾಭ ಅಂತ ಹಂಚಿದ. ಅಲ್ಲಿ ಮರವೇ ಇರಲಿಲ್ಲ, ಕಾಯಿ ಎಲ್ಲಿಂದ ಬರಬೇಕು? ಚಿಕ್ಕಪ್ಪನ ಕೈಗೆ ಹನ್ನೊಂದು ತಿಂಗಳು ಬಂದದ್ದು ಅವರದೇ ಅಸಲು, ಇಲ್ಲಾ ಅವರ ಹಿಂದೆ ನಿಂತವರದ್ದು.

ಪೇಪರ್ ಪೆನ್ನು ಹಿಡಿದು ಇದನ್ನೆಲ್ಲ ಅವರಿಗೆ ಬರೆದು ತೋರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ನೋಡಪ್ಪ, ಪಂಚಾಂಗದಲ್ಲಿ ಇದ್ದ ಹಾಗೇ ಹನ್ನೊಂದು ತಿಂಗಳು ಆದಾಯ ಚೆನ್ನಾಗೇ ಇತ್ತು. ಕೊನೇ ತಿಂಗಳು ಗ್ರಹಚಾರ ಕೆಟ್ಟಿತು."