‘ಪ್ರವಾದಿ ಇದನ್ನು ಯಾರ ಬಗ್ಗೆ ಹೇಳಿದ್ದು?’

ಯೆರೂಸಲೇಮಿನಿಂದ ಗಾಜಾಕ್ಕೆ ಇಳಿಯುವ ದಾರಿ. ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುವ ಅಧಿಕಾರಿ ರಥದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಾನೆ. ಓದುತ್ತಿರುವುದು ಪ್ರವಾದಿ ಯೆಶಾಯನ ಗ್ರಂಥ. ಓಡಿ ಬಂದ ಫಿಲಿಪ್ಪ, ಯೇಸುವಿನ ಸಂದೇಶ ಸಾರುತ್ತಿದ್ದವನು, ‘ಓದುತ್ತಿರೋದು ಅರ್ಥವಾಗ್ತಿದೆಯಾ?’ ಅಂತ ಕೇಳುತ್ತಾನೆ. ಯಾರಾದರೂ ಹೇಳಿಕೊಡದಿದ್ದರೆ ಹೇಗೆ ಅರ್ಥವಾದೀತು ಅನ್ನುತ್ತಾನೆ ಅಧಿಕಾರಿ. ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡು, ಎದೆಯಲ್ಲಿದ್ದ ಪ್ರಶ್ನೆಯನ್ನು ಮುಂದಿಡುತ್ತಾನೆ. ಕೊಯ್ಯಲು ಒಯ್ದ ಕುರಿಯ ಹಾಗೆ ಬಾಯಿ ತೆರೆಯದೆ ಹೋದವನು ಅಂತ ಇಲ್ಲಿದೆಯಲ್ಲ, ಪ್ರವಾದಿ ಇದನ್ನು ಯಾರ ಬಗ್ಗೆ ಹೇಳಿದ್ದು? ತನ್ನ ಬಗ್ಗೆಯೋ, ಬೇರೆಯವರ ಬಗ್ಗೆಯೋ?

ಬೈಬಲಿನ ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದ ಪ್ರಶ್ನೆ ಇದು. ಯೇಸುವನ್ನು ಗ್ರಂಥದ ಮೂಲಕ ಅರ್ಥಮಾಡಿಕೊಳ್ಳಲು ಹೊರಟವರೆಲ್ಲ ಒಂದಲ್ಲ ಒಂದು ರೀತಿ ಇದಕ್ಕೇ ಉತ್ತರ ಹುಡುಕಿದ್ದಾರೆ. ಆಗ ಹೊಸ ಒಡಂಬಡಿಕೆ ಅನ್ನೋ ಪುಸ್ತಕವೇ ಇರಲಿಲ್ಲ. ಮೊದಲ ಶಿಷ್ಯರಿಗೆ ಗ್ರಂಥ ಅಂದರೆ ಯೆಹೂದ್ಯರ ಗ್ರಂಥ, ಅಷ್ಟೇ.

ಆ ಗ್ರಂಥದಲ್ಲಿ ‘ಮೆಸ್ಸೀಯ’ ಅನ್ನೋ ಪದ ಶುರುವಾಗುವುದು ಎಣ್ಣೆಯಿಂದ. ಬೇತ್ಲೆಹೇಮಿನಲ್ಲಿ ಪ್ರವಾದಿ ಸಮುವೇಲ ಕೊಂಬಿನ ತುಂಬ ಎಣ್ಣೆ ತಂದು, ಕುರಿ ಕಾಯುತ್ತಿದ್ದ, ಮುಂದೆ ರಾಜನಾಗುವ ಹುಡುಗ ದಾವೀದನ ತಲೆಯ ಮೇಲೆ ಸುರಿಯುತ್ತಾನೆ. ಅಣ್ಣಂದಿರೆಲ್ಲ ನಿಂತು ನೋಡುತ್ತಾರೆ. ಮೆಸ್ಸೀಯ ಅಂದರೆ ಹೀಗೆ ಅಭಿಷೇಕವಾದವನು. ಅದರ ಗ್ರೀಕ್ ಅನುವಾದವೇ ‘ಕ್ರಿಸ್ತ’. ಮೊದಲಿಗೆ ಇದು ರಾಜರಿಗೆ, ಯಾಜಕರಿಗೆ ಸಲ್ಲುತ್ತಿದ್ದ ಮಾತು. ಯೆಶಾಯನ 45ನೇ ಅಧ್ಯಾಯವಂತೂ ಪರ್ಷಿಯದ ದೊರೆ ಕೋರೆಷನನ್ನೂ ದೇವರ ಅಭಿಷಿಕ್ತ ಅನ್ನುತ್ತದೆ! ಬಾಬೆಲಿನ ಸೆರೆಯಿಂದ ಜನರನ್ನು ಊರಿಗೆ ಕಳಿಸಿದ ರಾಜ ಅವನು.

ಮುಂದೆ ದಾವೀದನ ಸಿಂಹಾಸನ ಬರಿದಾಯಿತು. ಇಲ್ಲದ ರಾಜನಿಗಾಗಿ ಜನ ಕಾದರು. ಕ್ರಿ.ಪೂ. 63ರಲ್ಲಿ ರೋಮಿನ ಸೇನೆ ಯೆರೂಸಲೇಮಿಗೆ ನುಗ್ಗಿದ ಮೇಲೆ ಆ ಕಾಯುವಿಕೆ ಇನ್ನೂ ತೀವ್ರವಾಯಿತು. ಎಲ್ಲರೂ ಒಂದೇ ರೀತಿಯ ಮೆಸ್ಸೀಯನಿಗೆ ಕಾದಿರಲಿಲ್ಲ ಅನ್ನೋದನ್ನು ಮರೆಯಬಾರದು. 1947ರಿಂದ ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗವಿಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಇಬ್ಬರು ಅಭಿಷಿಕ್ತರ ಮಾತಿದೆ. ಒಬ್ಬ ಯಾಜಕ ಆರೋನನ ಕಡೆಯವನು, ಇನ್ನೊಬ್ಬ ಇಸ್ರಾಯೇಲಿನವನು. ಆದರೆ ರಾಜನಾಗಿ ಬರುವವನು ಶತ್ರುವಿನ ಕೈಯಲ್ಲಿ ಸಾಯಬೇಕು ಅಂತ ಯಾರು ತಾನೇ ಕಾಯುತ್ತಾರೆ?

ಯೇಸುವನ್ನು ಶಿಲುಬೆಗೇರಿಸಿದ ಮೇಲೆ ಎಮ್ಮಾಹು ಹಳ್ಳಿಗೆ ನಡೆದು ಹೋಗುತ್ತಿದ್ದ ಇಬ್ಬರು ಶಿಷ್ಯರ ನೋವು ಇದೇ. ಇಸ್ರಾಯೇಲನ್ನು ಬಿಡಿಸುವವನು ಆತನೇ ಅಂತ ನಂಬಿದ್ದೆವು ಅನ್ನುತ್ತಾರೆ. ‘ನಂಬಿದ್ದೆವು’, ಅಂದರೆ ಈಗ ನಂಬಿಕೆ ಹೋಗಿದೆ. ಜೊತೆಗೆ ನಡೆಯುತ್ತಿರುವುದು ಸತ್ತು ಮತ್ತೆ ಎದ್ದ ಯೇಸುವೇ ಅಂತ ಅವರಿಗೆ ಗೊತ್ತಿಲ್ಲ. ಆತ ಮೋಶೆಯಿಂದ ಹಿಡಿದು ಪ್ರವಾದಿಗಳವರೆಗೆ ವಿವರಿಸುತ್ತಾನೆ. ಯಾವ ಯಾವ ವಚನ ಹೇಳಿದ ಅಂತ ಈ ಕಥೆ ಹೇಳುವ ಸುವಾರ್ತೆಯ ಲೂಕ ಬರೆಯುವುದಿಲ್ಲ. ಆ ಮೌನದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪಟ್ಟಿ ಕೊಟ್ಟಿದ್ದರೆ ನಾವು ಸುಮ್ನೆ ಅದನ್ನು ಬಾಯಿಪಾಠ ಮಾಡಿ ಮುಗಿಸುತ್ತಿದ್ದೆವೇನೋ.

ಶಿಲುಬೆಯ ಸಾವು ಬರೀ ನೋವಿನದಾಗಿರಲಿಲ್ಲ, ನಾಚಿಕೆಯದೂ ಆಗಿತ್ತು. ಮರಕ್ಕೆ ತೂಗುಹಾಕಲ್ಪಟ್ಟವನು ದೇವರಿಂದ ಶಾಪಗ್ರಸ್ತ ಅನ್ನುತ್ತದೆ ಯೆಹೂದ್ಯರ ಗ್ರಂಥದ ಧರ್ಮೋಪದೇಶಕಾಂಡದ 21ನೇ ಅಧ್ಯಾಯ. ಯೇಸುವನ್ನು ಒಪ್ಪದವರ ಕೈಯಲ್ಲಿ ಇದಕ್ಕಿಂತ ಬಲವಾದ ವಚನ ಇರಲಿಲ್ಲ. ಯೇಸುವಿನ ಸಂದೇಶ ಸಾರಿದ ಪೌಲ ಅದನ್ನು ಅಡಗಿಸಿಡಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಅದೇ ವಚನವನ್ನು ಎತ್ತಿ, ಹೌದು, ಶಾಪವೇ, ಆದರೆ ಅದು ನಮ್ಮದು, ನಮಗಾಗಿ ಆತ ಹೊತ್ತ ಅನ್ನುತ್ತಾನೆ. ‘ರಕ್ಷಕ’ ಅನ್ನೋ ಪದದ ಅರ್ಥ ಇಲ್ಲಿ ಆಳವಾಗಿ ಬದಲಾಗುತ್ತದೆ. ಶತ್ರುವನ್ನು ಸೋಲಿಸಿ ಬಿಡಿಸುವವನ ಜಾಗಕ್ಕೆ ನಮ್ಮ ಭಾರ ತಾನೇ ಹೊತ್ತು ಬಿಡಿಸುವವನು ಬರುತ್ತಾನೆ. ರಥದ ಅಧಿಕಾರಿ ಓದುತ್ತಿದ್ದ ಯೆಶಾಯನ 53ನೇ ಅಧ್ಯಾಯ ಕ್ರೈಸ್ತರಿಗೆ ಅಷ್ಟು ಹತ್ತಿರವಾದದ್ದೂ ಇದಕ್ಕೇ ಅಲ್ವಾ?

ಯೆಹೂದ್ಯ ಓದುಗರಲ್ಲಿ ಅನೇಕರು ಆ ಅಧ್ಯಾಯದ ನೊಂದ ಸೇವಕನಲ್ಲಿ ಇಸ್ರಾಯೇಲ್ ಜನಾಂಗವನ್ನೇ ಕಂಡರು. ಆ ಓದಿಗೂ ಗಟ್ಟಿ ಆಧಾರವಿದೆ. ‘ಇಸ್ರಾಯೇಲೇ, ನೀನು ನನ್ನ ಸೇವಕ’ ಅನ್ನೋ ಮಾತು ಅದೇ ಯೆಶಾಯನಲ್ಲಿದೆ. ಇದನ್ನು ಕಣ್ಣುಮುಚ್ಚಿ ದಾಟಿ ಹೋಗುವುದು ಸರಿಯಲ್ಲ. 2ನೇ ಶತಮಾನದಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಬರೆದ ಸಂವಾದದಲ್ಲಿ ಟ್ರೈಫೋ ಎಂಬ ಯೆಹೂದ್ಯ ಇನ್ನೂ ಸೂಕ್ಷ್ಮವಾಗಿ ಮಾತಾಡುತ್ತಾನೆ. ಕ್ರಿಸ್ತ ನೋವು ತಿನ್ನಬೇಕು ಅಂತ ಗ್ರಂಥ ಹೇಳುತ್ತೆ, ಅದನ್ನು ಒಪ್ಪುತ್ತೇನೆ, ಆದರೆ ಶಾಪಕ್ಕೆ ಗುರಿಯಾದ ಆ ಶಿಲುಬೆಯ ಸಾವು ಯಾಕೆ ಅನ್ನೋದು ಅವನ ಪ್ರಶ್ನೆ. ತಕರಾರು ಬಂದು ನಿಂತಿದ್ದು ಮತ್ತೆ ಅದೇ ಮರದ ಹತ್ತಿರ.

ಸುಮಾರು ಅದೇ ಕಾಲದಲ್ಲಿ ರೋಮಿನಲ್ಲಿ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ಬೇರೆ ದಾರಿ ಹಿಡಿದ. ಹಳೆಯ ಒಡಂಬಡಿಕೆಯೇ, ಅಂದರೆ ಯೆಹೂದ್ಯರ ಆ ಗ್ರಂಥವೇ ಬೇಡ, ಅದರ ದೇವರು ಬೇರೆ, ಯೇಸುವಿನ ತಂದೆ ಬೇರೆ ಅಂದ. ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ತನಗೆ ಸರಿಕಂಡ ರೂಪದಲ್ಲಿ ಇಟ್ಟುಕೊಂಡ. ಕ್ರೈಸ್ತ ಸಮುದಾಯ ಒಪ್ಪಲಿಲ್ಲ. ಒಪ್ಪಿದ್ದರೆ ಕೊಂಬಿನ ಎಣ್ಣೆಯೂ ಹೋಗುತ್ತಿತ್ತು, ಯೆಶಾಯನ ಕುರಿಯೂ ಹೋಗುತ್ತಿತ್ತು. ‘ಕ್ರಿಸ್ತ’ ಅನ್ನೋ ಪದಕ್ಕೆ ಬುಡವೇ ಉಳಿಯುತ್ತಿರಲಿಲ್ಲ.

325ರಲ್ಲಿ ನೈಸೀಯದಲ್ಲಿ ಬಿಷಪ್‌ಗಳ ಸಭೆ ಸೇರುವ ಹೊತ್ತಿಗೆ ಜಗಳ ಕ್ರೈಸ್ತರೊಳಗೇ ಬಂದಿತ್ತು. ಜ್ಞಾನೋಕ್ತಿಗಳ 8ನೇ ಅಧ್ಯಾಯದ ಗ್ರೀಕ್ ಅನುವಾದದಲ್ಲಿ, ‘ಕರ್ತನು ನನ್ನನ್ನು ಸೃಷ್ಟಿಸಿದ’ ಅಂತ ಜ್ಞಾನವೇ ಮಾತಾಡುತ್ತದೆ. ಆ ಜ್ಞಾನ ಕ್ರಿಸ್ತನೇ ಅಂತ ಎರಡೂ ಕಡೆಯವರು ಒಪ್ಪುತ್ತಿದ್ದರು. ಹಾಗಾದರೆ ದೇವರ ಮಗನಾದ ಕ್ರಿಸ್ತನೂ ಸೃಷ್ಟಿಯೇ ಅಂದರು ಯಾಜಕ ಅರಿಯನ ಕಡೆಯವರು. ಸಭೆ ಅದನ್ನು ತಳ್ಳಿಹಾಕಿ, ತಂದೆಯ ಸ್ವಭಾವವೇ ಮಗನದು ಅಂತ ಸಾರಿತು. ಅದಕ್ಕೆ ಬಳಸಿದ ‘ಹೋಮೊಊಸಿಯೋಸ್’ (ಒಂದೇ ಸತ್ವದವನು) ಎಂಬ ಗ್ರೀಕ್ ಪದ ಗ್ರಂಥದಲ್ಲಿ ಎಲ್ಲೂ ಇಲ್ಲ. ಗ್ರಂಥವನ್ನು ಕಾಪಾಡಲು ಗ್ರಂಥದ ಹೊರಗಿನ ಪದ ಬೇಕಾಯಿತು. ಇದು ಅಂದಿನ ಅನೇಕ ಬಿಷಪ್‌ಗಳಿಗೂ ಕಸಿವಿಸಿ ಉಂಟುಮಾಡಿತ್ತು.

ರಥದ ಅಧಿಕಾರಿಯ ಕಥೆ ಅಲ್ಲಿಗೇ ನಿಂತಿಲ್ಲ. ಫಿಲಿಪ್ಪ ಅದೇ ವಚನದಿಂದ ಶುರುಮಾಡಿ ಯೇಸುವಿನ ವಿಷಯ ಹೇಳುತ್ತಾನೆ. ದಾರಿಯಲ್ಲಿ ನೀರು ಕಾಣುತ್ತದೆ. ಇಲ್ಲಿ ನೀರಿದೆ, ನನಗೆ ದೀಕ್ಷಾಸ್ನಾನವಾಗಲು ಏನು ಅಡ್ಡಿ ಅನ್ನುತ್ತಾನೆ ಅಧಿಕಾರಿ. ಈಗ ಹಲವು ಬೈಬಲ್‌ಗಳಲ್ಲಿ ಇಲ್ಲಿ 36ರ ನಂತರ ನೇರವಾಗಿ 38ನೇ ವಚನ ಬರುತ್ತದೆ. ಯೇಸು ಕ್ರಿಸ್ತ ದೇವರ ಮಗ ಅಂತ ನಂಬುತ್ತೇನೆ ಅಂತ ಅಧಿಕಾರಿ ಹೇಳುವ 37ನೇ ವಚನ ಅತಿ ಹಳೆಯ ಹಸ್ತಪ್ರತಿಗಳಲ್ಲಿಲ್ಲ. ಮುಂದೆ ಯಾರೋ ಓದುವಾಗ, ಅವನು ಉತ್ತರ ಹೇಳಲೇಬೇಕು ಅನ್ನಿಸಿ ಸೇರಿಸಿರಬೇಕು. ಹಳೆಯ ಪಾಠದಲ್ಲಿ ಅವನು ಏನೂ ಹೇಳುವುದಿಲ್ಲ. ರಥ ನಿಲ್ಲಿಸಿ, ಫಿಲಿಪ್ಪನ ಜೊತೆ ನೀರಿಗಿಳಿಯುತ್ತಾನೆ.